ಕೇಡಗಾಂವಿನ ಅನಾಥಾಲಯ

ಧರ್ಮಕ್ಕೆಂದು ಕಟ್ಟಿದ ಮನೆಗಳ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳನ್ನು ಆರಂಭಿಸುವುದು ಅಷ್ಟು ಕಷ್ಟವಲ್ಲ. ನಡೆಸಿಕೊಂಡು ಹೋಗುವುದು ಕಷ್ಟ. ಹಸಿದ ಮಗುವನ್ನು ಕಂಡಾಗ ಯಾರ ಮನಸ್ಸೂ ಕರಗುತ್ತದೆ. ಕೈ ತಾನಾಗಿಯೇ ಹಣದ ಚೀಲಕ್ಕೆ ಹೋಗುತ್ತದೆ. ಆದರೆ ಆ ಮಗುವಿಗೆ ನಾಳೆಯೂ ಹಸಿವಾಗುತ್ತದೆ, ನಾಡಿದ್ದೂ ಹಸಿವಾಗುತ್ತದೆ. ಬೆಳೆದು ತನ್ನ ಕಾಲಮೇಲೆ ತಾನು ನಿಲ್ಲುವವರೆಗೆ ಹತ್ತು ಹದಿನೈದು ವರ್ಷಗಳ ಕಾಲ ಹೊತ್ತು ಹೊತ್ತಿಗೆ ಹಸಿವಾಗುತ್ತಲೇ ಇರುತ್ತದೆ. ನೋಡಿದವರ ಕನಿಕರಕ್ಕೆ ಅಷ್ಟು ದೀರ್ಘವಾದ ಆಯುಸ್ಸಿರುವುದಿಲ್ಲ. ಹೀಗಿರುವಾಗ ದಾನದಿಂದ ಹುಟ್ಟಿದ ಅನಾಥಾಲಯವು ದಾನದ ಉತ್ಸಾಹ ತಣ್ಣಗಾದ ಮೇಲೆ ಬದುಕುವುದು ಹೇಗೆ?

ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಅರಿಯದವರಾಗಿರಲಿಲ್ಲ. ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ ಎಂಬ ಮಾತು ಪರಿಚಿತವಾಗಿರಬಹುದು. ಕೆರೆಯನ್ನು ಕಟ್ಟಿಸಿದ ಪುಣ್ಯಾತ್ಮನು ಅಷ್ಟಕ್ಕೇ ಸುಮ್ಮನಾಗದೆ, ಅದರ ಹೂಳೆತ್ತುವ ಮತ್ತು ಏರಿಯನ್ನು ಭದ್ರಪಡಿಸುವ ವೆಚ್ಚಕ್ಕಾಗಿ ಭೂಮಿಯನ್ನು ಬಿಟ್ಟುಕೊಡುತ್ತಿದ್ದನು. ಧಾನ್ಯವನ್ನು ಕೊಟ್ಟರೆ ಅದು ಒಂದು ವರ್ಷದಲ್ಲಿ ತೀರಿಹೋಗುತ್ತದೆ. ಭೂಮಿಯನ್ನು ಕೊಟ್ಟರೆ ಅದು ವರ್ಷವರ್ಷವೂ ಕೊಡುತ್ತದೆ ಎಂಬುದು ಅವರ ಲೆಕ್ಕ. ಇದೇ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಬ್ಬ ವಿದುಷಿಯು ತನ್ನದೇ ಆದ ರೀತಿಯಲ್ಲಿ ಮತ್ತೆ ಹಾಕಿ ನೋಡಿದರು. ಪುಣೆಯ ಸಮೀಪದ ಬರಡು ಸೀಮೆಯೊಂದರಲ್ಲಿ ಅವರು ಹಣ್ಣಿನ ಗಿಡಗಳನ್ನು ನೆಟ್ಟು, ಆ ತೋಟದ ಆಧಾರದ ಮೇಲೆ ಒಂದು ಮನೆಯನ್ನು ನಿಲ್ಲಿಸಲು ಯತ್ನಿಸಿದರು. ಅವರು ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರ ಕಾರ್ಯಕ್ಷೇತ್ರ ಮಹಾರಾಷ್ಟ್ರವಾದರೂ ಅವರ ಜನ್ಮಭೂಮಿ ಕನ್ನಡನಾಡು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರಿಗೂ ಸಂಸ್ಕೃತವನ್ನು ಕಲಿಸಬಹುದೆಂಬ ನಂಬಿಕೆಯಿಂದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅವರೇ ಪಾಠ ಹೇಳಿದರು. ಇದಕ್ಕಾಗಿ ಬಂಧುಬಳಗದವರ ವಿರೋಧವನ್ನು ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ಆ ಕಾಡಿನಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ರಮಾಬಾಯಿಯವರು ಜನಿಸಿದರು. ಆರು ತಿಂಗಳ ಕೂಸಾಗಿದ್ದಾಗಲೇ ಅವರನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ತಂದೆತಾಯಿಗಳು ಬೆಟ್ಟದಿಂದ ಇಳಿದು ತೀರ್ಥಯಾತ್ರೆಗೆ ಹೊರಟರು. ಅಂದಿನಿಂದ ಆ ಸಂಸಾರಕ್ಕೆ ನಿಂತ ನೆಲೆಯೆಂಬುದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯದ ಪ್ರಾಕಾರದಲ್ಲಿಯೋ ನದಿಯ ದಡದಲ್ಲಿಯೋ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಜೀವನ ಸಾಗಿಸುವುದು, ಇದೇ ಅವರ ವೃತ್ತಿಯಾಯಿತು. ತಾಯಿಯಿಂದ ಪಾಠ ಕಲಿತ ಬಾಲಿಕೆಯು ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಕಂಠಸ್ಥ ಮಾಡಿದಳು.

ಆಗ ಕ್ಷಾಮ ಬಂದಿತು. ದಕ್ಷಿಣ ದೇಶವನ್ನು ಸುಟ್ಟ ಆ ಬರದ ನೆನಪು ನಮ್ಮ ಮೈಸೂರು ಸೀಮೆಯಲ್ಲಿ ‘ಧಾತು ಈಶ್ವರ ಸಂವತ್ಸರಗಳ ಬರ’ವೆಂದು ಬಹುಕಾಲ ಉಳಿದಿತ್ತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತೆಂದರೆ ಅದರ ಭೀಕರತೆಯನ್ನು ಊಹಿಸಿಕೊಳ್ಳಬಹುದು. ಪುರಾಣ ಕೇಳಿ ದಕ್ಷಿಣೆ ಕೊಡುತ್ತಿದ್ದ ಜನರೇ ಅನ್ನವಿಲ್ಲದೆ ಊರು ಬಿಟ್ಟಾಗ ಪುರಾಣಿಕರ ಗತಿ ಏನು? ಕೆಲವೇ ತಿಂಗಳುಗಳ ಅಂತರದಲ್ಲಿ ರಮಾಬಾಯಿಯವರ ತಂದೆ ತೀರಿಕೊಂಡರು, ತಾಯಿ ತೀರಿಕೊಂಡರು, ಬಳಿಕ ಅಕ್ಕನೂ ತೀರಿಕೊಂಡರು. ಹದಿನಾರು ವರ್ಷದ ಹುಡುಗಿಯೂ ಅವಳ ಅಣ್ಣ ಶ್ರೀನಿವಾಸನೂ ಉಳಿದರು.

ಈ ದುರಂತವನ್ನು ಕುರಿತು ರಮಾಬಾಯಿಯವರು ಮುಂದೆ ಬರೆದ ಬರವಣಿಗೆಯಲ್ಲಿ ಒಂದು ಮುಖ್ಯವಾದ ಮಾತಿದೆ. ತಮ್ಮ ಮನೆಯವರೆಲ್ಲರೂ ಶಾಸ್ತ್ರವನ್ನು ಬಲ್ಲವರಾಗಿದ್ದರೂ ಕೈಯಿಂದ ಮಾಡುವ ಒಂದು ಕೆಲಸವನ್ನಾದರೂ ಕಲಿತಿರಲಿಲ್ಲ. ಕೂಲಿ ಮಾಡಲು ಅಭಿಮಾನ ಬಿಡಲಿಲ್ಲ, ಬೇಡಲು ನಾಲಗೆ ಏಳಲಿಲ್ಲ, ಬೇರೆ ದಾರಿಯಿಂದ ಅನ್ನವನ್ನು ಸಂಪಾದಿಸುವ ಬಗೆ ತಿಳಿಯಲಿಲ್ಲ ಎಂಬುದೇ ಆ ಮಾತಿನ ಸಾರಾಂಶ. ಹದಿನೆಂಟು ಸಾವಿರ ಶ್ಲೋಕಗಳ ಭಂಡಾರವು ಒಂದು ಹಿಡಿ ಹಿಟ್ಟನ್ನು ತರಲಾರದೆ ಹೋಯಿತು. ಅವರು ಮುಂದೆ ಕಟ್ಟಿದ ಮನೆಯ ತಳಹದಿಯನ್ನು ಅರಿಯಬೇಕಾದರೆ ಈ ಅನುಭವವನ್ನು ಮರೆಯಲಾಗದು. ಅನಾಥರ ವಿಚಾರವನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ಅಣ್ಣತಂಗಿಯರಿಬ್ಬರೂ ಸಾವಿರಾರು ಮೈಲಿಗಳನ್ನು ಕಾಲುನಡಗೆಯಿಂದ ಸವೆಸಿ ೧೮೭೮ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಈ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’ ಎಂಬ ಮತ್ತು ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಅಣ್ಣನೂ ಗತಿಸಿದನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಯ ಕಟ್ಟನ್ನು ಮೀರಿ, ವಿವಾಹವಾದರು. ಎರಡು ವರ್ಷ ತುಂಬುವುದರೊಳಗೆ ಕಾಲರಾ ರೋಗವು ಅವರನ್ನೂ ಕೊಂಡೊಯ್ದಿತು. ಮನೋರಮಾ ಎಂಬ ಕೂಸನ್ನು ಎತ್ತಿಕೊಂಡು ಇಪ್ಪತ್ತಮೂರು ವರ್ಷದ ವಿಧವೆಯು ೧೮೮೨ರಲ್ಲಿ ಪುಣೆಗೆ ಬಂದು ‘ಆರ್ಯ ಮಹಿಳಾ ಸಮಾಜ’ವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ೧೮೮೬ರಲ್ಲಿ, ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ ಅಮೆರಿಕೆಯ ಫಿಲಡೆಲ್ಫಿಯ ನಗರಕ್ಕೆ ಹೋದರು.

ಅನಾಥಾಲಯದ ಕಥೆ ಅಮೆರಿಕೆಯಲ್ಲಿ ಆರಂಭವಾಗುತ್ತದೆ. ಬಾಲವಿಧವೆಯರ ಸ್ಥಿತಿಯನ್ನು ವಿವರಿಸಿ ಇಂಗ್ಲಿಷಿನಲ್ಲಿ ಅವರು ಬರೆದ ಪುಸ್ತಕವು ೧೮೮೭ರಲ್ಲಿ ಪ್ರಕಟವಾಗಿ ಚೆನ್ನಾಗಿ ಮಾರಾಟವಾಯಿತು. ಊರೂರು ತಿರುಗಿ ಉಪನ್ಯಾಸಗಳನ್ನು ಮಾಡಿದರು. ಜೊತೆಯಲ್ಲಿಯೇ ಅಲ್ಲಿನ ಶಿಶುವಿಹಾರಗಳಲ್ಲಿ ಮಕ್ಕಳಿಗೆ ಕೈಗೆಲಸದ ಮೂಲಕ ಪಾಠ ಕಲಿಸುವ ಕ್ರಮವನ್ನು ಅಭ್ಯಾಸ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ‘ರಮಾಬಾಯಿ ಸಂಘ’ವೊಂದು ಸ್ಥಾಪಿತವಾಯಿತು. ಎಡ್ವರ್ಡ್ ಎವರೆಟ್ ಹೇಲ್ ಎಂಬ ಪ್ರಸಿದ್ಧ ಲೇಖಕರು ಅದರ ಅಧ್ಯಕ್ಷರಾದರು. ಹಿಂದೂ ವಿಧವೆಯರಿಗಾಗಿ ಇಂಡಿಯಾ ದೇಶದಲ್ಲಿ ಒಂದು ಮನೆಯನ್ನು ತೆರೆಯುವುದಾದರೆ ಅದನ್ನು ಹತ್ತು ವರ್ಷಗಳ ಕಾಲ ನಡೆಸಿಕೊಡುವೆವೆಂದು ಆ ಸಂಘದವರು ಮಾತುಕೊಟ್ಟರು. ಹತ್ತು ವರ್ಷ ಎಂಬ ಈ ಗಡುವನ್ನು ತಾವು ನೆನಪಿನಲ್ಲಿಡಬೇಕು.

೧೮೮೯ನೆಯ ಇಸವಿ ಮಾರ್ಚಿ ೧೧ರಂದು ಮುಂಬಯಿಯಲ್ಲಿ ‘ಶಾರದಾ ಸದನ’ವು ಆರಂಭವಾಯಿತು. ಮೊದಲು ಬಂದು ಸೇರಿದ ವಿಧವೆಯ ಹೆಸರು ಗೋದುಬಾಯಿ. ಇವರೇ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದೀಬಾಯಿ ಕರ್ವೆ ಎಂದು ಪ್ರಸಿದ್ಧರಾದರು. ಮರುವರ್ಷ ಸದನವು ಪುಣೆಗೆ ವರ್ಗವಾಯಿತು. ರಾನಡೆಯವರು, ಭಾಂಡಾರ್ಕರವರು ಮೊದಲಾದ ಮಹನೀಯರು ಸಲಹಾಸಮಿತಿಯಲ್ಲಿದ್ದರು.

ಇಲ್ಲಿ ಒಂದು ಅಹಿತವಾದ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ಮತದ ವಿಚಾರದಲ್ಲಿ ಸದನವು ತಟಸ್ಥವಾಗಿರತಕ್ಕುದೆಂಬುದು ಮೊದಲ ಒಪ್ಪಂದ. ಹಿಂದೂ ಹುಡುಗಿಯರು ತಮ್ಮ ಆಚಾರವನ್ನು ನಡೆಸಿಕೊಳ್ಳಲು ಅಲ್ಲಿ ಅವಕಾಶವಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟುಕೊಂಡು ಪ್ರಾರ್ಥನೆ ಮಾಡುವಾಗ ಕೆಲವರು ಹುಡುಗಿಯರು ಅಲ್ಲಿ ಬಂದು ಕುಳಿತುಕೊಳ್ಳಲಾರಂಭಿಸಿದರು. ತಾವು ಯಾರನ್ನೂ ಕರೆದಿಲ್ಲ, ಬಂದವರನ್ನು ತಡೆಯುವುದೂ ಇಲ್ಲ ಎಂದು ಅವರು ಹೇಳಿದರು. ತಾಯಿಯ ಸ್ಥಾನದಲ್ಲಿರುವವಳು ಬಾಗಿಲು ತೆರೆದಿಟ್ಟರೆ ಅದೇ ಕರೆಯಲ್ಲವೆ ಎಂದು ಊರಿನವರು ಕೇಳಿದರು. ೧೮೯೩ರಲ್ಲಿ ಸಲಹಾಸಮಿತಿಯವರು ರಾಜೀನಾಮೆ ಕೊಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಎರಡು ಪಕ್ಷದ ಮಾತಿನಲ್ಲಿಯೂ ಸತ್ಯಾಂಶವಿದೆ. ಅನ್ನವಿಕ್ಕುವ ಕೈಗೆ ಮಗುವಿನ ಮನಸ್ಸಿನ ಮೇಲೆ ಅಧಿಕಾರವಿಲ್ಲವೆಂದು ಹೇಳುವುದು ಸುಲಭ. ಆ ಅಧಿಕಾರವು ತಾನಾಗಿಯೇ ಬಂದುಬಿಡುತ್ತದೆ ಎಂಬುದು ಅನಾಥಾಲಯಗಳನ್ನು ನಡೆಸಿದವರೆಲ್ಲರೂ, ಅವರು ಯಾವ ಮತದವರೇ ಆಗಲಿ, ಎದುರಿಸಬೇಕಾದ ಕಠಿಣ ಸಂಗತಿ. ಪರಿಣಾಮವೇನೋ ಸ್ಪಷ್ಟವಾಗಿತ್ತು. ನೆರೆಯವರ ವಿಶ್ವಾಸವೆಂಬ ಆಸರೆ ಸದನಕ್ಕೆ ತಪ್ಪಿತು. ದೂರದೇಶದ ಹಣವೊಂದೇ ಉಳಿಯಿತು. ಅದಕ್ಕೂ ಹತ್ತು ವರ್ಷದ ಗಡುವಿತ್ತು.

ಗಡುವು ಮುಗಿದ ಮೇಲೆ ಏನು ಗತಿ ಎಂಬುದನ್ನು ರಮಾಬಾಯಿಯವರು ಮುಂಚಿತವಾಗಿಯೇ ಆಲೋಚಿಸಿದರು. ೧೮೯೫ರ ಸುಮಾರಿನಲ್ಲಿ, ಪುಣೆಗೆ ಮೂವತ್ತನಾಲ್ಕು ಮೈಲಿ ದೂರದಲ್ಲಿ, ಸೊಲ್ಲಾಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿರುವ ಕೇಡಗಾಂವ್ ಎಂಬ ಹಳ್ಳಿಯ ಬಳಿ ಸುಮಾರು ನೂರು ಎಕರೆ ಭೂಮಿಯನ್ನು ಕೊಂಡರು. ಮಳೆ ಕಡಮೆಯ ಪ್ರದೇಶ, ಮರಗಳು ವಿರಳ. ಅಲ್ಲಿ ಬಾವಿಗಳನ್ನು ತೋಡಿಸಿ, ಕಿತ್ತಳೆ, ನಿಂಬೆ, ಮಾವು ಮೊದಲಾದ ಹಣ್ಣಿನ ಗಿಡಗಳನ್ನು ನೆಡಿಸಿದರು. ಹಣ್ಣುಗಳನ್ನು ಮಾರಿದ ಉತ್ಪನ್ನದಿಂದ ಸದನದ ವೆಚ್ಚ ಸಾಗಬೇಕು, ಯಾರ ಮುಂದೆಯೂ ಕೈಯೊಡ್ಡುವ ಅಗತ್ಯವಿರಬಾರದು ಎಂಬುದು ಅವರ ಸಂಕಲ್ಪ. ಬಿತ್ತುವಟ್ಟದ ಲೆಕ್ಕವೇ ಇದು. ಅಮೆರಿಕೆಯ ಹಣವನ್ನು ಜೋಳವಾಗಿ ಉಂಡು ತೀರಿಸುವುದಕ್ಕೆ ಬದಲಾಗಿ ಅದರ ಒಂದು ಭಾಗವನ್ನು ನೀರಾಗಿಯೂ ಮರವಾಗಿಯೂ ಮಾರ್ಪಡಿಸಿಟ್ಟರು.

ಆದರೆ ಈ ವರ್ಷ ನೆಟ್ಟ ಸಸಿಯು ಈ ವರ್ಷದ ಮಕ್ಕಳಿಗೆ ಊಟವಿಕ್ಕಲಾರದು. ಹಣ್ಣಿನ ಮರವು ಫಲಕ್ಕೆ ಬರಲು ಹಲವು ವರ್ಷ ಬೇಕು. ಅಲ್ಲಿಯವರೆಗೆ ಅದೇ ಒಂದು ಮಗುವಿನಂತೆ ನೀರನ್ನೂ ಆರೈಕೆಯನ್ನೂ ಬೇಡುತ್ತದೆ. ತೋಟವಿನ್ನೂ ಎಳೆಯದಾಗಿರುವಾಗಲೇ ೧೮೯೬-೯೭ರ ಮಹಾಕ್ಷಾಮವು ಮಧ್ಯಪ್ರಾಂತ್ಯಗಳಲ್ಲಿ ತಲೆದೋರಿತು. ಇಪ್ಪತ್ತು ವರ್ಷಗಳ ಹಿಂದಿನ ತಮ್ಮ ಹಸಿವು ರಮಾಬಾಯಿಯವರ ಕಣ್ಣಿಗೆ ಕಟ್ಟಿತು. ಅವರು ಸ್ವತಃ ಅಲ್ಲಿಗೆ ಹೋಗಿ ಪರಿಹಾರ ಶಿಬಿರಗಳನ್ನೂ ದಾರಿಯ ಬದಿಯ ಮರದಡಿಗಳನ್ನೂ ನೋಡಿದರು. ದಿಕ್ಕಿಲ್ಲದ ಹುಡುಗಿಯರು ಅನ್ನದ ಆಸೆಗೆ ದುರ್ಜನರ ಕೈಗೆ ಬೀಳುತ್ತಿದ್ದುದನ್ನು ಕಂಡು ಸುಮ್ಮನಿರಲಾರದೆ, ಕೆಲವು ತಿಂಗಳುಗಳಲ್ಲಿ ಸುಮಾರು ಮುನ್ನೂರು ಮಂದಿ ಹುಡುಗಿಯರನ್ನೂ ಎಳೆಯ ವಿಧವೆಯರನ್ನೂ ಕರೆತಂದರು. ಅವರನ್ನು ಇರಿಸುವುದೆಲ್ಲಿ? ಪುಣೆಯಲ್ಲಿ ಆಗ ಪ್ಲೇಗಿನ ಹಾವಳಿ. ಹೊಸದಾಗಿ ಬಂದವರನ್ನು ನಗರದಲ್ಲಿ ಇರಿಸಿಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಹೀಗೆ ಆ ಮಕ್ಕಳೆಲ್ಲರೂ ಕೇಡಗಾಂವಿನ ತೋಟಕ್ಕೆ ಬಂದರು. ಮನೆಯನ್ನು ಸಾಕಲೆಂದು ಕೊಂಡ ಭೂಮಿಯೇ ಮನೆಯಾಯಿತು. ಮೊದಲು ಡೇರೆಗಳೂ ಹುಲ್ಲಿನ ಗುಡಿಸಲುಗಳೂ ಎದ್ದವು. ೧೮೯೮ರ ವೇಳೆಗೆ ಕಟ್ಟಡ ಎದ್ದಿತು. ಅದಕ್ಕೆ ‘ಮುಕ್ತಿ’ ಎಂದು ಹೆಸರಿಟ್ಟರು.

ಅದೇ ವರ್ಷ ಹತ್ತು ವರ್ಷದ ವಾಗ್ದಾನದ ಅವಧಿ ಮುಗಿಯುತ್ತ ಬಂದಿತು. ರಮಾಬಾಯಿಯವರು ಮತ್ತೆ ಅಮೆರಿಕೆಗೆ ಹೋಗಿ ದಾನಿಗಳಿಗೆ ಲೆಕ್ಕ ಒಪ್ಪಿಸಿದರು. ಹಳೆಯ ಸಂಘವು ಹೊಸ ರೂಪದಲ್ಲಿ ಮುಂದುವರಿಯಿತು. ಅವರು ಹಿಂದಿರುಗಿದ ಸ್ವಲ್ಪ ಕಾಲದಲ್ಲಿಯೇ ಗುಜರಾತಿನಲ್ಲಿ ಮತ್ತೊಂದು ಕ್ಷಾಮ ಬಂದಿತು. ೧೯೦೦ನೆಯ ಇಸವಿಯ ವೇಳೆಗೆ ಮುಕ್ತಿಸದನದಲ್ಲಿದ್ದವರ ಸಂಖ್ಯೆ ಸಾವಿರದೈನೂರನ್ನು ಮುಟ್ಟಿತ್ತು. ನೂರಕ್ಕೂ ಮೀರಿದ ದನಕರುಗಳಿದ್ದವು. ಅದೊಂದು ಮನೆಯೆನ್ನುವುದಕ್ಕಿಂತ ಒಂದು ಊರೆನ್ನುವುದೇ ಯುಕ್ತವಾದೀತು.

ಈ ಊರು ನಡೆಯುತ್ತಿದ್ದುದು ಹೇಗೆ? ಶಾರದಾ ಸದನದಲ್ಲಿ ಮೊದಲೇ ಕಲಿತಿದ್ದ ವಿಧವೆಯರು ಹೊಸದಾಗಿ ಬಂದ ಮಕ್ಕಳಿಗೆ ಉಪಾಧ್ಯಾಯಿನಿಯರೂ ಮೇಲ್ವಿಚಾರಕರೂ ಆದರು. ಹತ್ತು ವರ್ಷದ ದಾನವು ಹಾಗೆ ಮನುಷ್ಯರ ರೂಪದಲ್ಲಿಯೂ ಫಲಕ್ಕೆ ಬಂದಿತ್ತು. ಹುಡುಗಿಯರು ಬೆಳಗಿನಲ್ಲಿ ಓದುಬರಹವನ್ನು ಕಲಿತಂತೆಯೇ ಒಂದೊಂದು ಕಸುಬನ್ನೂ ಕಲಿಯಬೇಕಾಗಿತ್ತು. ಮಗ್ಗದಲ್ಲಿ ಸೀರೆ ನೇಯುವವರು, ಬಟ್ಟೆ ಹೊಲಿಯುವವರು, ಬಣ್ಣ ಹಾಕುವವರು, ಎಣ್ಣೆಯ ಗಾಣವನ್ನು ನೋಡಿಕೊಳ್ಳುವವರು, ಹಾಲು ಕರೆಯುವವರು, ಪಾತ್ರೆಗಳಿಗೆ ಕಲಾಯಿ ಹಾಕುವವರು, ತೋಟಕ್ಕೆ ನೀರು ಹಾಯಿಸುವವರು, ಹೀಗೆ ಕೆಲಸ ಹಂಚಿಹೋಗಿತ್ತು. ತಮ್ಮ ಊಟವನ್ನು ತಾವೇ ಬೇಯಿಸಿಕೊಂಡು, ತಮ್ಮ ಬಟ್ಟೆಯನ್ನು ತಾವೇ ಮಾಡಿಕೊಂಡರೆ ಹೊರಗೆ ಕೊಡಬೇಕಾದ ಹಣ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಅದರ ಜೊತೆಗೆ ಹುಡುಗಿಯು ಸದನವನ್ನು ಬಿಟ್ಟು ಹೋಗುವಾಗ ಅವಳ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ. ಮನೋರಮಾ ಅವರು ಕುರುಡರ ಲಿಪಿಯನ್ನು ಕಲಿತುಬಂದು ಕಣ್ಣಿಲ್ಲದ ಹುಡುಗಿಯರಿಗೆ ಓದಲು ಕಲಿಸಿದರು. ಆ ಹುಡುಗಿಯರು ಬುಟ್ಟಿ ಹೆಣೆಯುವುದನ್ನೂ ಕಲಿತರು. ಸಮಾಜದಿಂದ ಹೊರಗಾದ ಸ್ತ್ರೀಯರಿಗಾಗಿ ‘ಕೃಪಾ ಸದನ’ವೆಂಬ ಬೇರೊಂದು ಮನೆ ಇತ್ತು.

ಎಲ್ಲಕ್ಕಿಂತಲೂ ವಿಶೇಷವಾದುದು ಮುದ್ರಣಾಲಯ. ಕ್ಷಾಮದಲ್ಲಿ ಅಕ್ಷರಜ್ಞಾನವಿಲ್ಲದೆ ಬಂದ ಹುಡುಗಿಯರು ಅಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸಿ, ಕಾಗದವನ್ನು ಅಚ್ಚುಹಾಕಿ, ಪುಸ್ತಕಗಳನ್ನು ಕಟ್ಟುತ್ತಿದ್ದರು. ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಸರಳವಾದ ಮರಾಠಿಗೆ ಭಾಷಾಂತರಿಸಿದರು. ಅದರ ಮುದ್ರಣವೂ ಅಲ್ಲಿಯೇ ನಡೆಯಿತು. ಕನ್ನಡನಾಡಿಗೂ ಈ ಮನೆಯ ಒಂದು ಕೊಂಬೆ ಚಾಚಿತು. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಮನೋರಮಾ ಅವರು ೧೯೧೨ರಲ್ಲಿ ಹುಡುಗಿಯರಿಗಾಗಿ ಒಂದು ಪಾಠಶಾಲೆಯನ್ನು ಆರಂಭಿಸಿದರು.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರೋಣ. ಆ ಮನೆಯು ತನ್ನನ್ನು ತಾನು ಸಾಕಿಕೊಂಡಿತೆ? ಜಮಾಖರ್ಚಿನ ಪುಸ್ತಕವನ್ನು ಮಾತ್ರ ಮುಂದಿಟ್ಟುಕೊಂಡರೆ ಇಲ್ಲವೆಂದೇ ಹೇಳಬೇಕು. ನೂರು ಎಕರೆಯ ತೋಟವು ಶಾರದಾ ಸದನದಂತಹ ಸಣ್ಣ ಸಂಸಾರವನ್ನು ಸಾಕಬಹುದಾಗಿದ್ದಿತು; ಸಾವಿರದೈನೂರು ಮಂದಿಯನ್ನು ಸಾಕುವ ಶಕ್ತಿ ಅದಕ್ಕಿರಲಿಲ್ಲ. ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಗಳಿಂದ ಬರುತ್ತಿದ್ದ ಕಾಣಿಕೆಗಳು ಕೊನೆಯವರೆಗೂ ಬೇಕಾದವು. ತೋಟದ ಉತ್ಪನ್ನಕ್ಕೆ ತಕ್ಕಷ್ಟೇ ಮಕ್ಕಳನ್ನು ಸೇರಿಸಿಕೊಂಡು ಬಾಗಿಲು ಹಾಕಿಕೊಂಡಿದ್ದರೆ ರಮಾಬಾಯಿಯವರ ಲೆಕ್ಕ ಸರಿಹೋಗುತ್ತಿತ್ತು. ಆದರೆ ಕ್ಷಾಮದ ದಾರಿಯಲ್ಲಿ ನಿಂತವರು ಆ ಲೆಕ್ಕವನ್ನು ಮುರಿದರು, ತಿಳಿದೇ ಮುರಿದರು. ಸ್ವಾವಲಂಬನೆಗೂ ಕರುಣೆಗೂ ವಿರೋಧ ಬಂದಾಗ ಮಗುವನ್ನು ಮೊದಲು ಒಳಗೆ ಕರೆದುಕೊಂಡು, ಆಮೇಲೆ ಇನ್ನೊಂದು ಬಾವಿಯನ್ನು ತೋಡಿದರು.

ಆದರೂ ಅವರ ಮೊದಲ ಯೋಚನೆಯು ವ್ಯರ್ಥವಾಯಿತೆಂದು ಹೇಳುವಂತಿಲ್ಲ. ಆ ಭೂಮಿಯನ್ನು ಮುಂಚಿತವಾಗಿ ಕೊಂಡಿರದಿದ್ದರೆ ೧೮೯೭ರಲ್ಲಿ ಮುನ್ನೂರು ಮಕ್ಕಳನ್ನು ಇಳಿಸುವುದಕ್ಕೆ ನೆಲವೇ ಇರುತ್ತಿರಲಿಲ್ಲ, ಬಾವಿಗಳಿಲ್ಲದಿದ್ದರೆ ನೀರಿರುತ್ತಿರಲಿಲ್ಲ, ಕಲಿತ ವಿಧವೆಯರಿಲ್ಲದಿದ್ದರೆ ಆ ಮಕ್ಕಳನ್ನು ನೋಡಿಕೊಳ್ಳುವವರಿರುತ್ತಿರಲಿಲ್ಲ. ದಾನವೆಂಬುದು ಏರಿಳಿಯುವ ನದಿಯ ಹಾಗೆ. ಪ್ರವಾಹದಲ್ಲಿ ಬಂದ ನೀರನ್ನು ಕಟ್ಟಿಟ್ಟುಕೊಂಡವನಿಗೆ ಬೇಸಗೆಯಲ್ಲಿ ಸ್ವಲ್ಪವಾದರೂ ಉಳಿಯುತ್ತದೆ. ಹಾಗೆ ಕಟ್ಟಿಡುವುದಕ್ಕೆ ರಮಾಬಾಯಿಯವರು ಕಂಡ ಪಾತ್ರೆಗಳು ಮೂರು: ನೆಲ, ನೀರು, ಕಲಿತ ಕೈ. ಈ ಮೂರರಲ್ಲಿ ಕಡೆಯದು ಅವರ ತಂದೆತಾಯಿಗಳ ಬಳಿ ಇರಲಿಲ್ಲವೆಂಬುದನ್ನು ತಾವು ಮರೆತಿರಲಾರಿರಿ.

ಅವರು ಬಿತ್ತಿದ ಬೀಜವು ಅವರು ನೆನಸದ ಕಡೆಯೂ ಮೊಳೆಯಿತು. ಶಾರದಾ ಸದನದ ಗೋದುಬಾಯಿಯವರನ್ನು ೧೮೯೩ರಲ್ಲಿ ಕೈಹಿಡಿದ ಕರ್ವೆಯವರು ೧೮೯೬ರಲ್ಲಿ ‘ಅನಾಥ ಬಾಲಿಕಾಶ್ರಮ’ವನ್ನು ಸ್ಥಾಪಿಸಿದರು, ಅದು ಮುಂದೆ ಪುಣೆಯ ಹತ್ತಿರದ ಹಿಂಗಣೆಯಲ್ಲಿ ಬೆಳೆಯಿತು. ಹಿಂದೂ ಮನೆತನಗಳ ವಿಶ್ವಾಸವನ್ನು ಕಳೆದುಕೊಳ್ಳದೆ, ಊರೂರು ತಿರುಗಿ ಚಂದಾ ಎತ್ತಿ, ನೆರೆಯವರ ಹಣದಿಂದಲೇ ಅವರು ಆಶ್ರಮವನ್ನು ನಡೆಸಿದರು. ಒಂದು ಮನೆಯವರಿಗೆ ದೂರದ ಹಣವೂ ಹತ್ತಿರದ ಮರಗಳೂ ಆಧಾರವಾದವು. ಇನ್ನೊಂದು ಮನೆಯವರಿಗೆ ನೆರೆಹೊರೆಯ ನಂಬಿಕೆ ಆಧಾರವಾಯಿತು. ೧೮೯೩ರ ಜಗಳದಲ್ಲಿ ಕಳೆದುಹೋದುದು ಎಷ್ಟು ದೊಡ್ಡದೆಂಬುದು ಹಿಂಗಣೆಯನ್ನು ನೋಡಿದರೆ ತಿಳಿಯುತ್ತದೆ. ಉಳಿದುಬಂದುದು ಎಷ್ಟು ದೊಡ್ಡದೆಂಬುದು ಕೇಡಗಾಂವನ್ನು ನೋಡಿದರೆ ತಿಳಿಯುತ್ತದೆ.

೧೯೨೧ರ ಜುಲೈ ತಿಂಗಳಿನಲ್ಲಿ ಮನೋರಮಾ ಅವರು ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ, ೧೯೨೨ನೆಯ ಇಸವಿ ಏಪ್ರಿಲ್ ೫ರಂದು, ಭಾಷಾಂತರದ ಕೆಲಸವನ್ನು ಮುಗಿಸಿ ರಮಾಬಾಯಿಯವರೂ ಕಣ್ಮುಚ್ಚಿದರು. ನಡೆಸುತ್ತಿದ್ದ ತಾಯಿಯೂ ಇಲ್ಲ, ಉತ್ತರಾಧಿಕಾರಿಯಾದ ಮಗಳೂ ಇಲ್ಲ. ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಸಂಸ್ಥೆಗಳು ನೆಲಕ್ಕೆ ಬೀಳುತ್ತವೆ. ಕೇಡಗಾಂವಿನ ಮನೆ ಬೀಳಲಿಲ್ಲ. ಅದು ಇಂದಿಗೂ ಅದೇ ಸ್ಥಳದಲ್ಲಿ, ದಿಕ್ಕಿಲ್ಲದ ಸ್ತ್ರೀಯರನ್ನೂ ಮಕ್ಕಳನ್ನೂ ಇರಿಸಿಕೊಂಡು ನಡೆದು ಬರುತ್ತಿದೆ. ಹತ್ತು ವರ್ಷದ ಗಡುವು ಹಾಕಿಕೊಟ್ಟ ಬಾಸ್ಟನ್ ನಗರದ ದಾನಿಗಳು ಹೋಗಿ ಎಷ್ಟೋ ಕಾಲವಾಯಿತು. ಅವರ ಹಣದಲ್ಲಿ ಕೊಂಡ ನೆಲದ ಮೇಲೆ ಇಂದಿಗೂ ಮಕ್ಕಳಿಗೆ ಊಟಕ್ಕೆ ಗಂಟೆ ಹೊಡೆಯುತ್ತದೆ.